ಬೆಸ್ಸಿಯ ಬಾಯಿ

ರೈಲಿನಲ್ಲಿ ಎದುರು ಸೀಟಿನ ಹೆಂಗಸು ತನ್ನ ಫೋನನ್ನು ಗ್ಲೆನಿಸ್‌ಳ ಬಾಯಿಯ ಹತ್ತಿರ ಹಿಡಿದು, ತನ್ನ ಅಳಿಯನಿಗೆ ಒಂದು ಸಲ ಬೈಯಬೇಕೆಂದು ಕೇಳಿಕೊಂಡಳು. ಅಳಿಯ ಒಳ್ಳೆಯವನೇ, ಇವತ್ತು ಅವನ ಹುಟ್ಟುಹಬ್ಬ, ಟಿವಿಯ ವೋನಿ ಟ್ಯಾಟರ್ಸಾಲ್ ಬಾಯಿಂದ ಬೈಸಿಕೊಂಡರೆ ಅವನ ಜನ್ಮ ಸಾರ್ಥಕವಾಗುತ್ತದೆ ಎಂದಳು. ಪಕ್ಕದಲ್ಲಿದ್ದ ಅವಳ ಗೆಳತಿ ಆಗಲೇ ನಗುವುದಕ್ಕೆ ತಯಾರಾಗಿ ಕೂತಿದ್ದಳು. ಗ್ಲೆನಿಸ್ ಮಾಡ್ಸ್ಲಿ ಫೋನಿನ ಕಪ್ಪು ಗಾಜನ್ನು ನೋಡಿ, ಹೆಸರೇನು ಎಂದು ಕೇಳಿದಳು. ಡೀನ್. ‘ಹುಟ್ಟುಹಬ್ಬದ ಶುಭಾಶಯ, ಡೀನ್’ ಎಂದಳು. ಹೆಂಗಸು ಫೋನನ್ನು ಕಿವಿಗೆ ಹಿಡಿದು ಅದನ್ನೇ ಮತ್ತೆ ಕೇಳಿಸಿಕೊಂಡಳು. ಯಂತ್ರ ಕೆಟ್ಟಿದೆಯೋ ಎಂಬಂತೆ ತಿರುಗಿಸಿಯೂ ನೋಡಿದಳು. ಹೀಗಲ್ಲ, ವೋನಿ ಬೈಯುವ ಹಾಗೆ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಎಂದಳು. ಗಂಟಲು ಸರಿಯಿಲ್ಲ ಎಂದು ಗ್ಲೆನಿಸ್ ಸುಳ್ಳು ಹೇಳಿದಳು.  ಗೆಳತಿ ಆ ಹೆಂಗಸಿನ ಮೊಣಕೈ ತಟ್ಟಿ, ‘ಬಿಡೇ, ಕೆಲಸ ಇಲ್ದಾಗ ಅವ್ರೂ ನಮ್ಮಂಗೇ ಅಲ್ವಾ’ ಎಂದು, ಗ್ಲೆನಿಸ್‌ಗೆ ಕೇಳಿಸದು ಎಂದುಕೊಂಡು, ಮೆಲ್ಲಗೆ ಸಮಾಧಾನ ಹೇಳಿದಳು.

ಟಾಡ್ಮರ್ಡನ್ ದಾಟಿದ ಮೇಲೆ ರೈಲು ಸುರಂಗ ಹೊಕ್ಕಿತು. ಕತ್ತಲಲ್ಲಿ ಮೂವರೂ ಎಲ್ಲಿ ನೋಡಬೇಕೆಂದು ತಿಳಿಯದೆ ತಂತಮ್ಮ ಮಡಿಲು ನೋಡಿಕೊಂಡರು. ಕೆಲಸ ಇಲ್ಲದಾಗ ಎಂಬ ಮಾತು ಗ್ಲೆನಿಸ್‌ಳ ತಲೆಯಲ್ಲಿ ಉಳಿಯಿತು. ಅವಳಿಗೆ ನಿನ್ನೆಯಿಂದ ಕೆಲಸ ಇರಲಿಲ್ಲ. ‘ಪ್ರಾಸ್ಪೆಕ್ಟ್ ರೋ’ ಧಾರಾವಾಹಿಯಲ್ಲಿ ಅವಳ ಪಾತ್ರವಾದ ವೋನಿ ಟ್ಯಾಟರ್ಸಾಲ್ ಮೀನು–ಚಿಪ್ಸ್ ಅಂಗಡಿಯ ಬಾಗಿಲು ಎಳೆದುಕೊಂಡು, ಒಂದು ಪೆಟ್ಟಿಗೆ ಹಿಡಿದು, ಸಮುದ್ರದ ಊರಿಗೆ ಹೋಗುವ ಬಸ್ಸು ಹತ್ತುವ ದೃಶ್ಯವನ್ನು ನಿನ್ನೆ ಮಧ್ಯಾಹ್ನ ಚಿತ್ರಿಸಿ ಮುಗಿಸಿದ್ದರು. ಅದು ಪ್ರಸಾರವಾಗುವುದು ಶರತ್ಕಾಲಕ್ಕೆ. ಅಲ್ಲಿಯವರೆಗೆ ಯಾರಿಗೂ ಹೇಳಬಾರದೆಂದು ಕರಾರು. ವೋನಿಯನ್ನು ಬೆಂಕಿಯಲ್ಲಿ ಸಾಯಿಸೋಣವೆಂದು ನಿರ್ಮಾಪಕರಿಗೆ ಆಸೆ ಇತ್ತು. ಜನ ಬೆಂಕಿಯನ್ನು ನೋಡುತ್ತಾರೆ. ಸಾಯಿಸಬೇಡಿ ಎಂಬುದೊಂದನ್ನೇ ಗ್ಲೆನಿಸ್ ಕೇಳಿಕೊಂಡಿದ್ದಳು. ಯಾಕೆ ಬಿಡುತ್ತೀರಿ ಎಂದಾಗ ಸುಸ್ತು ಎಂದಿದ್ದಳು. ಅರವತ್ತು ದಾಟಿದ ಹೆಂಗಸು ಸುಸ್ತು ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ಕೇಕು ಕತ್ತರಿಸಿದರು. ವೋನಿಯ ಗಂಡ ಬರ್ನಾರ್ಡನ ಪಾತ್ರದವನು ಅತ್ತ. ತಾನು ಅಳಲಿಲ್ಲವೆಂಬುದನ್ನು ಗ್ಲೆನಿಸ್ ಆಮೇಲೆ, ಕಾರಿನಲ್ಲಿ ಕೂತಾಗ, ಯಾರದೋ ಸುದ್ದಿ ಎಂಬಂತೆ ಗಮನಿಸಿದಳು.

ಸುರಂಗದ ಆಚೆ ಬಿಸಿಲಿತ್ತು. ಒಂದು ಹಿತ್ತಿಲಿನಲ್ಲಿ ಒಗೆದ ಹಾಸುಬಟ್ಟೆಗಳು ಒಣಗುತ್ತಿದ್ದವು. ಗ್ಲೆನಿಸ್ ಚಿಕ್ಕವಳಾಗಿದ್ದಾಗ ಅವರ ಬೀದಿಯಲ್ಲಿ ಸೋಮವಾರ ಹಿತ್ತಿಲ ಓಣಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಎಲ್ಲರೂ ಬಟ್ಟೆ ಹರವುತ್ತಿದ್ದರು. ಕಲ್ಲಿದ್ದಲಿನ ಲಾರಿ ಬಂದರೆ ಯಾರಾದರೂ ಕೂಗಿ ಹೇಳಬೇಕು, ಎಲ್ಲರೂ ಓಡಿಬಂದು ತೆಗೆಯಬೇಕು. ಅಂಥ ಒಂದು ಸೋಮವಾರ ಅಪ್ಪ ರಜೆಯಲ್ಲಿ ಮನೆಯಲ್ಲಿದ್ದ. ಮಗ್ಗಗಳ ಸದ್ದಿಗೆ ಕಿವಿ ಮಂದವಾಗಿದ್ದ ಅವನಿಗೆ ಲಾರಿ ಬಂದದ್ದು ಕೇಳಿಸಲಿಲ್ಲ. ಅಮ್ಮ ಮಿಲ್ಲಿನಿಂದ ಬರುವ ಹೊತ್ತಿಗೆ ಹಾಸುಬಟ್ಟೆಗಳ ಮೇಲೆ ಚಕ್ರದ ಕರಿ ಗುರುತು ಬಿದ್ದಿತ್ತು. ಅಮ್ಮ ಹಿತ್ತಿಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಎಡ್ಗರ್, ಮಿಲ್ಲಿನ ಹತ್ತಿಯೆಲ್ಲಾ ಮಾರಿದ್ರೋ, ಇಲ್ಲ ಒಂದಿಷ್ಟು ನಿನ್ನ ಕಿವಿಗೆ ತುರುಕಿ ಕಳಿಸಿದ್ರೋ?’ ಅಲ್ಲಿಂದ ಶುರುವಾದದ್ದು ದೀಪ ಹಚ್ಚುವವರೆಗೂ ನಡೆಯಿತು. ಬೆಸ್ಸಿಯ ಬಾಯಿ ಶುರುವಾಯಿತೆಂದು ನೆರೆಯವರು ಬಾಗಿಲಲ್ಲಿ ಬಂದು ನಿಂತು, ಟೀ ಕುಡಿಯುತ್ತಾ ಕೇಳಿದರು. ಅಪ್ಪ ಮಣ್ಣಾದ ಬಟ್ಟೆಯನ್ನು ಎರಡು ತೋಳಿನ ಮೇಲೆ ಹೊತ್ತು, ಯಾರದೋ ಮಗುವನ್ನು ಎತ್ತಿಕೊಂಡವನಂತೆ, ಓಣಿಯ ನಡುವೆ ನಿಂತಿದ್ದ. ತಲೆ ತಗ್ಗಿಸಿ ಮೂಗನ್ನು ತೋಳಿಗೇ ಒರೆಸಿಕೊಂಡ, ಒಂದು ಮಾತು ಆಡಿದ್ದು ಗ್ಲೆನಿಸ್‌ಗೆ ಕೇಳಿಸಲಿಲ್ಲ. ಎಂಟು ವರ್ಷದ ಗ್ಲೆನಿಸ್ ಹಿತ್ತಿಲ ಕಕ್ಕಸಿನ ಚಿಲಕ ಹಾಕಿಕೊಂಡು ಕಿವಿ ಮುಚ್ಚಿ ಕೂತಳು. ಕಿವಿ ಮುಚ್ಚಿದರೂ ಕೇಳುತ್ತಿತ್ತು. ಮಗ್ಗಗಳ ಗದ್ದಲದ ಮೇಲೆ ಕೂಗಿ ಕೂಗಿ ಹದವಾದ ಗಂಟಲು ಅದು. ತಾನು ದೊಡ್ಡವಳಾದ ಮೇಲೆ ಯಾರ ಮೇಲೂ ದನಿ ಎತ್ತುವುದಿಲ್ಲ ಎಂದು ಆ ಕಕ್ಕಸಿನಲ್ಲಿ ಆಣೆ ಮಾಡಿಕೊಂಡಳು. ಮಾಡಿಕೊಂಡಂತೆಯೇ ನಡೆದಳು. ಹೋಟೆಲಿನಲ್ಲಿ ಬೇಡದ್ದನ್ನು ತಂದುಕೊಟ್ಟರೆ ತಿಂದು ಎದ್ದಳು. ಮದುವೆಯಾದವನು ಬಿಟ್ಟು ಹೋಗುತ್ತೇನೆಂದಾಗ ಅವನ ಅಂಗಿಗಳನ್ನು ಇಸ್ತ್ರಿ ಮಾಡಿ ಕೊಟ್ಟಳು.

ವೋನಿ ಹುಟ್ಟಿದ್ದು ಮೂರೇ ಮೂರು ಕಂತುಗಳ ಸಲುವಾಗಿ. ಆಗ ಗ್ಲೆನಿಸ್ ಮೂವತ್ತರ ಆಸುಪಾಸಿನ, ಸಣ್ಣಪುಟ್ಟ ನಾಟಕಗಳಲ್ಲಿ ದಾದಿ, ಅಕ್ಕ, ಎರಡನೆಯ ನೆರೆಯವಳು ಆಗುತ್ತಿದ್ದ ನಟಿ. ಮೀನಂಗಡಿಯ ಹೆಂಗಸು ಗಂಡನಿಗೆ ಬೈಯುವ ನಾಲ್ಕು ಮಾತು ಬರೆದಿದ್ದರು. ತಾಲೀಮಿನಲ್ಲಿ ಅವಳು ಆ ಮಾತುಗಳನ್ನು ಔಷಧದ ಚೀಟಿ ಓದಿದಂತೆ ಓದಿದಳು. ನಿರ್ದೇಶಕ ಗಡಿಯಾರ ನೋಡಿಕೊಂಡ. ಬೇರೆಯವಳನ್ನು ಕರೆಸುತ್ತಾರೆ ಎಂಬುದು ಅವಳಿಗೆ ತಿಳಿಯಿತು, ಮನೆಯ ಬಾಡಿಗೆ ನೆನಪಾಯಿತು, ಬಲಗೈ ತಾನಾಗಿ ಸೊಂಟದ ಮೇಲೆ ಹೋಯಿತು. ಮುಂದೆ ಬಾಯಿಂದ ಬಂದದ್ದರಲ್ಲಿ ಅರ್ಧ ಬರೆದದ್ದೇ ಇರಲಿಲ್ಲ. ಬೆಳಕು ಹಿಡಿದಿದ್ದವರು ನಕ್ಕು ಬೆಳಕು ಅಲ್ಲಾಡಿತು. ವೋನಿ ಉಳಿದುಬಿಟ್ಟಳು. ಬಜಾರಿ, ಗಯ್ಯಾಳಿ, ಬಾಯಿಗೆ ಬೀಗ ಇಲ್ಲದವಳು ಎಂದು ಪತ್ರಿಕೆಗಳು ಬರೆದವು. ದೇಶದ ಅರ್ಧ ಜನ ಅವಳನ್ನು ತಮ್ಮ ಚಿಕ್ಕಮ್ಮ ಎಂದುಕೊಂಡರು. ಅವಳ ಗಂಡ ಬರ್ನಾರ್ಡನ ಪಾತ್ರದವನು ಒಂದು ದಿನ, ಇಷ್ಟೆಲ್ಲ ಬೈಸಿಕೊಳ್ಳುವಾಗ ನಾನು ಏನು ಮಾಡುತ್ತಾ ನಿಂತಿರಲಿ ಎಂದು ಕೇಳಿದ. ತಲೆ ತಗ್ಗಿಸು, ಮೂಗನ್ನು ತೋಳಿನಿಂದ ಒರೆಸಿಕೋ, ಏನೂ ಮಾತಾಡಬೇಡ ಎಂದು ಗ್ಲೆನಿಸ್‌ಳೇ ಹೇಳಿಕೊಟ್ಟಳು. ಹೇಳಿಕೊಡುವಾಗ ಒಳಗೆ ಏನೋ ಚುರ್ ಎಂದಿತು. ಆದರೆ ಅವನು ಅದನ್ನು ಮಾಡಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು.

ಅಮ್ಮ ಒಂದು ಕಂತೂ ಬಿಡದೆ ನೋಡುತ್ತಿದ್ದಳು. ವೋನಿಯಲ್ಲಿ ಅಮ್ಮ ತನ್ನನ್ನೇ ಗುರುತಿಸಿಕೊಳ್ಳುತ್ತಾಳೆ, ಬಂದು ಕೆನ್ನೆಗೆ ಬಾರಿಸುತ್ತಾಳೆ ಎಂದು ಗ್ಲೆನಿಸ್ ಮೊದಲ ವರ್ಷವೆಲ್ಲ ಕಾದಳು. ಅಮ್ಮ ಪಕ್ಕದ ಮನೆಯವಳಿಗೆ ಹೇಳಿದ್ದು ಬೇರೆ: ‘ಈ ಬಾಯಿ ನಮ್ಮ ಹುಡುಗಿಗೆ ಎಲ್ಲಿಂದ ಬಂತೋ ಕಾಣೆನಮ್ಮ. ನಮ್ಮ ವಂಶದಲ್ಲಿ ಇಂಥೋರು ಯಾರೂ ಇಲ್ಲ.’ ಅಪ್ಪ ಟೀ ಬಟ್ಟಲಿನೊಳಗೆ ನೋಡಿದ. ಆಮೇಲೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಚಳಿಗಾಲ ಪೂರ್ತಿ ಕಿಟಕಿಯ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಒಂದು ಭಾನುವಾರ ಹಳೆಯ ಕಂತುಗಳನ್ನು ಹಾಕಿದ್ದಾಗ ಗ್ಲೆನಿಸ್ ಅಲ್ಲಿದ್ದಳು. ಪೆಟ್ಟಿಗೆಯೊಳಗಿಂದ ಅಮ್ಮನ ದನಿ ಬರುತ್ತಿತ್ತು, ಅಮ್ಮ ಕುರ್ಚಿಯಲ್ಲಿ ಬಾಯಿ ವಾರೆಯಾಗಿ ಕೂತಿದ್ದಳು. ಅಮ್ಮನ ಎಡಗೈ ಕಂಬಳಿಯೊಳಗಿಂದ ನಿಧಾನವಾಗಿ ಎದ್ದು ಮೊದಲು ಟಿವಿಯನ್ನು ತೋರಿಸಿತು, ಆಮೇಲೆ ಗ್ಲೆನಿಸ್‌ಳನ್ನು ತೋರಿಸಿತು. ನಿನ್ನನ್ನು ನೋಡಿದರೆ ಅವಳಿಗೆ ಖುಷಿ ಎಂದ ಅಪ್ಪ. ಗ್ಲೆನಿಸ್‌ಗೆ ಅದು ಖುಷಿಯಂತೆ ಕಾಣಲಿಲ್ಲ. ಕದ್ದವಳನ್ನು ಪೊಲೀಸಿಗೆ ತೋರಿಸುವ ಬೆರಳು ಹಾಗಿರುತ್ತದೆ.

ಅಮ್ಮ ಸತ್ತು ವರ್ಷಗಳಾದ ಮೇಲೆ ಅಪ್ಪ ಬರ್ನ್ಲಿಯಲ್ಲೇ, ಗುಡ್ಡದ ಕಡೆಗೆ, ಮುದುಕರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿದ. ಗ್ಲೆನಿಸ್ ಯಾವಾಗಲೂ ಭಾನುವಾರ ಮಧ್ಯಾಹ್ನ ಹೋಗುವವಳು. ಹೋದ ಚಳಿಗಾಲದಲ್ಲಿ ಒಂದು ದಿನ ಹೇಳದೆ ಕೇಳದೆ, ವಾರದ ನಡುವೆ, ಧಾರಾವಾಹಿಯ ಹೊತ್ತಿಗೆ ಹೋದಳು. ಹಜಾರದಲ್ಲಿ ಎಲ್ಲರೂ ಟಿವಿಯ ಮುಂದೆ ಅರ್ಧಚಂದ್ರವಾಗಿ ಕೂತಿದ್ದರು. ಧಾರಾವಾಹಿಯ ರಾಗ ಶುರುವಾಗುತ್ತಿದ್ದಂತೆ ಅಪ್ಪ ಕೋಲು ಊರಿ ಎದ್ದ. ಯಾರನ್ನೂ ನೋಡದೆ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಎದುರು ಬಾಗಿಲಿನಿಂದ ಹೊರಗೆ ಹೋದ. ಬಾಗಿಲಲ್ಲಿದ್ದ ಮಗಳನ್ನು ಅವನು ಕಾಣಲಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗಿ, ದಿನಾ ಹೀಗೆಯೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಗ್ಲೆನಿಸ್ ಕೋಟನ್ನೂ ಬಿಚ್ಚದೆ ಅದೇ ದಾರಿಯಲ್ಲಿ ವಾಪಸು ಬಂದಳು. ಆವತ್ತಿನಿಂದ ಚಿತ್ರೀಕರಣದಲ್ಲಿ ಸೊಂಟದ ಮೇಲೆ ಕೈ ಹೋದಾಗೆಲ್ಲ ಕೋಲೂರಿ ಏಳುವ ಮುದುಕನೊಬ್ಬ ಕ್ಯಾಮೆರಾದ ಪಕ್ಕದಲ್ಲಿ ಕಾಣತೊಡಗಿದ. ಇಷ್ಟು ವರ್ಷ ದೇಶವನ್ನೇ ಕರೆದು ಅವನ ಹಿತ್ತಿಲ ಓಣಿಯಲ್ಲಿ ನಿಲ್ಲಿಸಿದ್ದಾಯಿತು, ಎಲ್ಲರ ಕೈಗೂ ಟೀ ಕೊಟ್ಟದ್ದಾಯಿತು. ವಸಂತಕ್ಕೆ ಮುಂಚೆ ಅವಳು ನಿರ್ಧಾರ ಮಾಡಿದ್ದಳು. ಅದನ್ನು ಹೇಳುವುದಕ್ಕೇ ಈಗ ಹೋಗುತ್ತಿದ್ದಳು. ಕರಾರಿನಲ್ಲಿ ಅಪ್ಪನಿಗೂ ಹೇಳಬಾರದು ಎಂದು ಬರೆದಿರಲಿಲ್ಲ.

ಬರ್ನ್ಲಿಯ ಮಾರುಕಟ್ಟೆಯಲ್ಲಿ ಅಪ್ಪನಿಗೆಂದು ಮಾಂಸ–ಆಲೂಗಡ್ಡೆ ತುಂಬಿ ಬೇಯಿಸಿದ ಪೈ ಕೇಳಿದಳು. ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಟಿವಿಯಲ್ಲಿ ಇನ್ನೂ ಎತ್ತರ ಕಾಣುತ್ತೀರಿ ಎಂದ. ಹಿಂದೆ ನಿಂತಿದ್ದವರು ಅವಳ ಉತ್ತರಕ್ಕಾಗಿ ಕಾದರು. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಗ್ಲೆನಿಸ್ ನಕ್ಕಳು. ಅದು ಉತ್ತರವಾಗಿರಲಿಲ್ಲ, ಅವರಿಗೆ ಏನೋ ಕೊಡದೆ ಉಳಿಸಿಕೊಂಡವಳಂತೆ ಅವಳಿಗೆ ನಾಚಿಕೆಯಾಯಿತು. ಹೊರಗೆ ಬಂದು ಚೀಲದೊಳಗೆ ನೋಡಿದರೆ ಚೀಸು–ಈರುಳ್ಳಿಯ ಪೈ. ವೋನಿಯಾಗಿದ್ದರೆ ಅದನ್ನು ಅವನ ಟೊಪ್ಪಿಗೆಯ ಮೇಲೆ ಇಟ್ಟು ಬರುತ್ತಿದ್ದಳು. ಗ್ಲೆನಿಸ್ ಚೀಲದ ಬಾಯಿ ಮಡಿಸಿ ಗುಡ್ಡದ ದಾರಿ ಹಿಡಿದಳು.

ಮುದುಕರ ಮನೆಯ ಬಾಗಿಲು ತೆರೆದದ್ದು ಶಗುಫ್ತಾ ಎಂಬ, ಅಲ್ಲಿ ಕೆಲಸ ಮಾಡುವ ಅದೇ ಹುಡುಗಿ. ಹುಟ್ಟಿ ಬೆಳೆದದ್ದು ಎರಡು ಬೀದಿ ಆಚೆ. ಮಾತು ಅಪ್ಪಟ ಬರ್ನ್ಲಿಯದು. ಭಾನುವಾರವಲ್ಲದ ದಿನ ಬಂದದ್ದನ್ನು ನೋಡಿ ಅವಳಿಗೆ ಸಂತೋಷವಾಯಿತು. ಗ್ಲೆನಿಸ್‌ಳ ಕೋಟು ತೆಗೆದುಕೊಳ್ಳುತ್ತಾ ತನ್ನ ಅಜ್ಜಿಯ ಸುದ್ದಿ ಹೇಳಿದಳು. ಮೀರ್‌ಪುರದಿಂದ ಬಂದು ಇಷ್ಟು ವರ್ಷವಾದರೂ ಅಜ್ಜಿಗೆ ಇಂಗ್ಲಿಷು ಬಾರದು, ಆದರೆ ವೋನಿ ಬೈದರೆ ಮಾತ್ರ ಪ್ರತಿ ಮಾತೂ ಅರ್ಥವಾಗುತ್ತದಂತೆ. ಸರಿಯಾಗಿ ಹೇಳಿದಳು ನೋಡು ಎಂದು ತೊಡೆ ತಟ್ಟಿಕೊಳ್ಳುತ್ತಾಳಂತೆ. ಆಮೇಲೆ ದನಿ ತಗ್ಗಿಸಿ, ವೋನಿಯನ್ನು ಬೆಂಕಿಯಲ್ಲಿ ಸಾಯಿಸುತ್ತಾರೆ ಎಂದು ಪೇಪರಿನಲ್ಲಿ ಬಂದಿದೆ, ನಿಜವೇ ಎಂದು ಕೇಳಿದಳು. ಬೆಂಕಿ ಇಲ್ಲ ಎಂದು ಗ್ಲೆನಿಸ್ ಹೇಳಿದಳು. ಅಷ್ಟು ಮಾತ್ರ ನಿಜವಿತ್ತು.

ಅಪ್ಪ ಹಿತ್ತಿಲ ಬೆಂಚಿನ ಮೇಲೆ, ಪೆಂಡಲ್ ಬೆಟ್ಟಕ್ಕೆ ಮುಖ ಮಾಡಿ, ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ತೊಂಬತ್ತಾದರೂ ಬೆನ್ನು ನೆಟ್ಟಗಿತ್ತು. ಬೆರಳುಗಳು ಮಾತ್ರ ಮಗ್ಗದ ತಿರುಪುಗಳನ್ನು ತಿರುಗಿಸಿ ತಿರುಗಿಸಿ ಒಂದೊಂದು ದಿಕ್ಕಿಗೆ ಹೋಗಿದ್ದವು. ಕಿವಿಯ ಯಂತ್ರ ಅಂಗಿಯ ಜೇಬಿನಲ್ಲಿತ್ತು. ಅದನ್ನು ಹಾಕಿಕೊಳ್ಳಪ್ಪ ಎಂದು ಅವಳು ಸನ್ನೆ ಮಾಡಿದಳು. ಅವನು ಹಾಕಿಕೊಂಡು, ಯಾರು ಸತ್ತರು ಎಂದು ಕೇಳಿದ. ಯಾರೂ ಇಲ್ಲ, ಸುಮ್ಮನೆ ಬಂದೆ ಎಂದಳು. ಭಾನುವಾರ ಅಲ್ಲವಲ್ಲ ಎಂದ. ಅವಳು ಪೈಯನ್ನು ಕಾಗದದ ಮೇಲೆ ಬಿಡಿಸಿಟ್ಟಳು. ಅವನು ಒಂದು ತುತ್ತು ತಿಂದು, ಇದರಲ್ಲಿ ಮಾಂಸ ಎಲ್ಲಿ ಎಂದು ಒಳಗೆ ನೋಡಿದ. ತಪ್ಪು ಕೊಟ್ಟರು ಎಂದಳು. ‘ನಿಮ್ಮಮ್ಮ ಇದ್ದಿದ್ರೆ ವಾಪಸ್ ಹೋಗ್ತಿದ್ಲು’ ಎಂದು ಉಳಿದದ್ದನ್ನೂ ತಿಂದ.

ಹೇಳಲು ಒಳ್ಳೆಯ ಹೊತ್ತು ಎಂದು ಅವಳು ಅಂದುಕೊಂಡಾಗಲೆಲ್ಲ ಬೇರೇನೋ ಬಂತು. ಅವರೆಗಿಡಕ್ಕೆ ಹುಳು ಹಿಡಿದದ್ದು ಬಂತು, ಪಕ್ಕದ ಕೋಣೆಯವನ ಕೆಮ್ಮು ಬಂತು. ಅಪ್ಪ ಬೆಟ್ಟದ ಮೇಲಿನ ಮೋಡದ ನೆರಳು ಜಾರುವುದನ್ನು ನೋಡುತ್ತಾ ಮಧ್ಯೆ ಮಧ್ಯೆ ಕಣ್ಣು ಮುಚ್ಚಿದ. ಅವನ ಪಕ್ಕದಲ್ಲಿ ಕೂತು ಗ್ಲೆನಿಸ್ ವಾಕ್ಯಗಳನ್ನು ಕಟ್ಟಿದಳು, ಕೆಡವಿದಳು. ಬೇರೆಯವರು ಬರೆದುಕೊಟ್ಟ ಮಾತನ್ನು ಅಷ್ಟು ವರ್ಷ ಹೇಳಿದವಳಿಗೆ ತನ್ನದೊಂದು ಸಾಲು ಸಿದ್ಧವಾಗುತ್ತಿರಲಿಲ್ಲ. ಒಳಗೆ ಊಟಕ್ಕೆ ಕರೆದರು. ಅಪ್ಪ ಆಲೂಗಡ್ಡೆ ತಿಂದ, ಮೀನು ಬಿಟ್ಟ. ಮೇಜಿನ ಆ ತುದಿಯಿಂದ ಮಿಸೆಸ್ ಗ್ರಿಮ್‌ಶಾ ಎಂಬ, ಒಂದು ಕಾಲದಲ್ಲಿ ಶಾಲೆಯ ಅಡುಗೆಮನೆ ನಡೆಸಿದ್ದ ಮುದುಕಿ ಗ್ಲೆನಿಸ್‌ಳನ್ನೇ ನೋಡುತ್ತಿದ್ದಳು. ಆ ಬರ್ನಾರ್ಡನನ್ನು ನೀನು ಯಾವತ್ತೋ ಬಿಡಬೇಕಿತ್ತು ಮಗಳೇ ಎಂದು ಬುದ್ಧಿ ಹೇಳಿದಳು. ಗಂಡಸು ಅಂದಮೇಲೆ ಒಂದು ಎದುರು ಮಾತಾದರೂ ಬೇಡವೇ ಎಂದಳು. ಎಲ್ಲರೂ ತಲೆ ಆಡಿಸಿದರು. ಗ್ಲೆನಿಸ್ ಅಪ್ಪನ ಕಡೆ ನೋಡಲಿಲ್ಲ. ಅವನು ಚಮಚದಿಂದ ತಟ್ಟೆಯ ಅಂಚಿನ ಬಟಾಣಿಯೊಂದನ್ನು ಹಿಡಿಯುತ್ತಿದ್ದ ಸದ್ದು ಮಾತ್ರ ಕೇಳಿಸಿತು.

ಏಳೂವರೆ ಹತ್ತಿರವಾದಂತೆ ಗಾಲಿಕುರ್ಚಿಗಳು ಹಜಾರಕ್ಕೆ ಉರುಳಿದವು. ಹೊರಗೆ ಇನ್ನೂ ಹಗಲಿತ್ತು. ಟಿವಿಯ ಮೇಲೆ ಬಿಸಿಲು ಬಿದ್ದು ಏನೂ ಕಾಣುವುದಿಲ್ಲವೆಂದು ಶಗುಫ್ತಾ ಪರದೆ ಎಳೆದಳು. ಕಿವುಡರ ಮನೆಯಾದ್ದರಿಂದ ದನಿ ಗೋಡೆ ನಡುಗುವಷ್ಟು ಏರಿಸಿದ್ದರು. ಇಲ್ಲಿ ಕೂತುಕೋ, ಇಬ್ಬರು ವೋನಿಯರನ್ನೂ ಒಟ್ಟಿಗೆ ನೋಡುತ್ತೇವೆ ಎಂದು ಮಿಸೆಸ್ ಗ್ರಿಮ್‌ಶಾ ತನ್ನ ಪಕ್ಕದ ಕುರ್ಚಿ ತಟ್ಟಿದಳು. ಅಪ್ಪ ಆಗಲೇ ಕೋಲು ಊರಿದ್ದ. ಮಗಳು ಬಂದಿದ್ದಾಳೆ, ಇವತ್ತೊಂದು ದಿನ ಕೂರಬಾರದೇ ಎಂದು ಯಾರೋ ಹೇಳಿದರು. ಅವನು ಟೊಪ್ಪಿಗೆ ಸರಿಮಾಡಿಕೊಂಡು ನಡೆದ. ಗ್ಲೆನಿಸ್ ಅವನ ಹಿಂದೆ ಹೋದಳು. ಹಿಂದಿನಿಂದ ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಎಂಬುದು ಕುತ್ತಿಗೆಗೆ ತಿಳಿಯುತ್ತಿತ್ತು.

ಅವನು ದೂರವೇನೂ ಹೋಗಲಿಲ್ಲ. ಹಜಾರದ ಬಾಗಿಲಾಚೆ, ಗೋಡೆಗೆ ಒತ್ತಿ, ಎರಡು ಕುರ್ಚಿ ಇದ್ದವು, ಒಂದರಲ್ಲಿ ಕೂತ. ಎದುರು ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಿಟ್ಟರೆ ನೋಡುವುದಕ್ಕೆ ಏನೂ ಇರಲಿಲ್ಲ. ಇನ್ನೊಂದು ಕುರ್ಚಿಯಲ್ಲಿ ಅವಳು ಕೂತಳು. ಒಳಗೆ ಜಾಹೀರಾತು ನಡೆಯುತ್ತಿತ್ತು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನ್ನಿಸಿತು.

‘ಅಪ್ಪ, ನಾನು ಅದನ್ನ ಬಿಟ್ಟೆ. ನಿನ್ನೆ ಮುಗೀತು. ಎಲೆ ಉದುರೋ ಹೊತ್ತಿಗೆ ಅವಳು ಊರು ಬಿಟ್ಟು ಹೋಗ್ತಾಳೆ. ಆಮೇಲೆ ನೀನು ಹೀಗೆ ಎದ್ದು ಬರೋದು ಬೇಡ.’

ಅವನು ಅವಳ ಬಾಯಿ ನೋಡಿದ. ಮಿಲ್ಲಿನವರು ಕಿವಿಗಿಂತ ಹೆಚ್ಚು ನಂಬುವುದು ಎದುರಿನವರ ತುಟಿಯನ್ನು.

‘ಸಾಯ್ತಾಳಾ?’

‘ಇಲ್ಲ. ಬಸ್ಸು ಹತ್ತಿ ಹೋಗ್ತಾಳೆ.’

‘ಹಂಗಾದ್ರೆ ಅವ್ಳು ಈ ಚಳಿಗಾಲಕ್ಕೆ ಇರಲ್ಲ’ ಎಂದ. ಹೇಳಿದ್ದರಲ್ಲಿ ದೂರು ಇರಲಿಲ್ಲ. ಹುಳು ಹಿಡಿದ ಅವರೆಯ ಬಗ್ಗೆ ಹೇಳಿದ ಹಾಗೆಯೇ ಹೇಳಿದ. ಗ್ಲೆನಿಸ್‌ಗೆ ಅವನು ಅರ್ಥಮಾಡಿಕೊಳ್ಳಲಿಲ್ಲವೆನ್ನಿಸಿತು. ಈಗ ಉಳಿದದ್ದನ್ನೂ ಅವಸರದಲ್ಲಿ ಹೇಳಿದಳು. ಅಮ್ಮನನ್ನು ತಾನು ಕದ್ದದ್ದು, ಅವನನ್ನು ಊರಿಗೆಲ್ಲ ನಗೆಪಾಟಲು ಮಾಡಿದ್ದು, ಬರ್ನಾರ್ಡನಿಗೆ ಮೂಗು ಒರೆಸಿಕೊಳ್ಳುವುದನ್ನು ತಾನೇ ಕಲಿಸಿದ್ದು. ಚಳಿಗಾಲದಲ್ಲಿ ಬಂದು ನೋಡಿ ಹೋದದ್ದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಮಾತು ಚೆನ್ನಾಗಿ ಕೂಡಿಬರುತ್ತಿದೆ ಎಂದು ಒಳಗಿನ ನಟಿಗೆ ತಿಳಿದು, ಆ ತಿಳಿವಿಗೇ ಅಸಹ್ಯವಾಗಿ ನಿಲ್ಲಿಸಿದಳು.

 ಅಪ್ಪನನ್ನು ಕಾಡಿದ್ದು ಬೇರೆ ಸಂಗತಿ.

‘ಆ ಬರ್ನಾರ್ಡು ನಾನಾ?’ ಎಂದ. ‘ಆ ಗುಗ್ಗು? ಅವ್ನು ಬಾಯೇ ಬಿಡಲ್ವಲ್ಲ ಮಗಾ. ಅವ್ಳು ಅಷ್ಟು ಕೇಳ್ತಾಳೆ, ಹೂಂ ಅಂತಾದ್ರೂ ಅನ್ನಬಾರ್ದಾ? ಕಂಬದ ಥರ ನಿಂತಿರ್ತಾನೆ. ನಂಗೆ ಅವನನ್ನ ಕಂಡ್ರೆ ಆಗಲ್ಲ.’

‘ಅದಕ್ಕೇ ಎದ್ದು ಬರ್ತೀಯಾ?’

‘ಅವನಿಗೋಸ್ಕರ ನಾನ್ಯಾಕೆ ಏಳ್ಲಿ.’ ಅವನು ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಹೇಳಲೋ ಬೇಡವೋ ಎಂದು ಒಂದು ಗಳಿಗೆ ತೂಗಿದ. ‘ಬೇಜಾರು ಮಾಡ್ಕೋಬೇಡ. ಧ್ವನಿ ನಿಮ್ಮಮ್ಮಂದು. ಮುಖ ನಿಂದು. ಎರಡೂ ಒಟ್ಟಿಗೆ ಬಂದ್ರೆ ನಂಗೆ ಹೊಂದಲ್ಲ. ಇಲ್ಲಿ ಕೂತ್ರೆ ಮುಖ ಕಾಣಲ್ಲ.’

ಒಳಗೆ ಧಾರಾವಾಹಿಯ ರಾಗ ಶುರುವಾಯಿತು. ಅಪ್ಪ ಕಿವಿಯ ಯಂತ್ರದ ಪುಟ್ಟ ಗಾಲಿಯನ್ನು ಉಗುರಿನಿಂದ ತಿರುಗಿಸಿ, ತಲೆಯನ್ನು ಗೋಡೆಗೆ ಆನಿಸಿದ. ಇದು ಯಾವ ಕಂತು ಎಂದು ಗ್ಲೆನಿಸ್‌ಗೆ ಮೊದಲ ಮಾತಿಗೇ ಗೊತ್ತಾಯಿತು. ಕೆಲವು ವಾರಗಳ ಹಿಂದೆ ಚಿತ್ರಿಸಿದ್ದು. ಬರ್ನಾರ್ಡ್ ರಾತ್ರಿ ಮಂಜುಪೆಟ್ಟಿಗೆಯ ಬಾಗಿಲು ಹಾಕುವುದನ್ನು ಮರೆತಿದ್ದಾನೆ, ಮೀನೆಲ್ಲ ಕೊಳೆತಿದೆ. ವೋನಿ ಅಂಗಡಿಗೆ ಬರುತ್ತಾಳೆ. ಮೂಗು ಮುಚ್ಚಿಕೊಳ್ಳುತ್ತಾಳೆ. ತಾನು ಹೇಗೆ ನಿಂತಿದ್ದೆ, ಬೆಳಕು ಎಲ್ಲಿತ್ತು, ಕಾಲಿನ ಚಪ್ಪಲಿ ಎಲ್ಲಿ ಕಚ್ಚುತ್ತಿತ್ತು ಎಲ್ಲವೂ ಅವಳಿಗೆ ನೆನಪಿತ್ತು. ಆದರೆ ಬಾಗಿಲಾಚೆಯಿಂದ ಬಂದದ್ದು ಅದ್ಯಾವುದೂ ಅಲ್ಲ. ಮುಖವಿಲ್ಲದೆ, ದೇಹವಿಲ್ಲದೆ ಅಮ್ಮನ ದನಿ ಬಂತು. ಗ್ಲೆನಿಸ್ ಕುರ್ಚಿಯ ತೋಳು ಹಿಡಿದುಕೊಂಡಳು.

‘ಈ ವಾಸನೆಗೆ ಸತ್ತ ಬೆಕ್ಕೂ ಎದ್ದು ಊರು ಬಿಡುತ್ತೆ. ಒಂದು ಬಾಗಿಲು. ಒಂದೇ ಒಂದು ಬಾಗಿಲು ಹಾಕೋದು. ನಿನ್ನ ಕೈಗೇನು ಬಾಣಂತನವಾ?’

‘ಮರೆತೋಯ್ತು ಕಣೇ’ ಎಂದ ಅಪ್ಪ.

ಅವನು ಅದನ್ನು ಗ್ಲೆನಿಸ್‌ಗೆ ಹೇಳಿರಲಿಲ್ಲ. ಕಣ್ಣು ಮುಚ್ಚಿತ್ತು. ತುಟಿ ಅಲ್ಲಾಡಿದ್ದು ಕಂಡೂ ಕಾಣದಷ್ಟು. ದನಿ ಎದೆಯಿಂದ ಈಚೆಗೆ ಬಂದದ್ದು ಅಷ್ಟಕ್ಕಷ್ಟೆ. ಒಳಗಿನ ದನಿ ಮುಂದುವರಿಯಿತು, ನಿನ್ನನ್ನು ಕಟ್ಟಿಕೊಂಡ ದಿನವೇ ನಮ್ಮಮ್ಮ ಹೇಳಿದ್ದಳು ಎಂದಿತು, ನಿಂತಿತು. ‘ಹೇಳಿರ್ತಾಳೆ, ಹೇಳಿರ್ತಾಳೆ’ ಎಂದ. ಕೇಳಿಸುತ್ತಿದೆಯೋ ಇಲ್ಲವೋ ಎಂದಿತು, ನಿಂತಿತು. ‘ಇಲ್ಲೇ ಇದೀನಿ.’ ಬೈಗುಳದ ನಡುವೆ ಅಲ್ಲಲ್ಲಿ ಉಸಿರಿನಷ್ಟು ಬಿಡುವಿತ್ತು. ಅದು ತನ್ನ ಅಭ್ಯಾಸ. ಯಾಕೆ ಅಲ್ಲಲ್ಲಿ ನಿಲ್ಲುತ್ತೀರಿ ಎಂದು ಹೊಸ ನಿರ್ದೇಶಕರೆಲ್ಲ ಕೇಳುತ್ತಿದ್ದರು. ಹಾಗೇ ಬರುತ್ತದೆ ಎನ್ನುತ್ತಿದ್ದಳು. ಅಮ್ಮ ನಿಲ್ಲುತ್ತಿದ್ದಳು, ಅದಕ್ಕೆ ತಾನೂ ನಿಲ್ಲುತ್ತಿದ್ದಳು. ಆ ಬಿಡುವುಗಳಲ್ಲಿ ಅಪ್ಪನ ಮಾತು ಒಂದೂ ಅತ್ತಿತ್ತ ಆಗದೆ, ಮಗ್ಗದಲ್ಲಿ ಲಾಳಿ ಹೋಗಿ ಬಂದಂತೆ, ಕೂತುಕೊಳ್ಳುತ್ತಿತ್ತು. ಕಕ್ಕಸಿನ ಬಾಗಿಲ ಹಿಂದೆ ಕಿವಿ ಮುಚ್ಚಿ ಕೂತ ಹುಡುಗಿಗೆ ಜೋರಾದದ್ದು ಮಾತ್ರ ಕೇಳಿಸಿತ್ತು.

‘ಅಮ್ಮಂಗೆ ಅಷ್ಟು ಸಿಟ್ಟು ಯಾಕಪ್ಪ ಇತ್ತು?’ ಎಂದು, ಬೇರೆಯವರ ದೃಶ್ಯ ಬಂದಾಗ, ಗ್ಲೆನಿಸ್ ಕೇಳಿದಳು. ತನ್ನ ಮುಖವನ್ನು ಅವನಿಂದ ಸ್ವಲ್ಪ ಆಚೆಗೆ ತಿರುಗಿಸಿಕೊಂಡು ಕೇಳುತ್ತಿದ್ದೇನೆ ಎಂಬುದು ಕೇಳಿದ ಮೇಲೆ ಗೊತ್ತಾಯಿತು.

‘ಅರ್ಧ ಸಿಟ್ಟು. ಇನ್ನರ್ಧ ನನ್ನ ಕಿವಿ’ ಎಂದ. ‘ಜನಕ್ಕೆ ಹೆಂಗೆ ಗೊತ್ತಾಗ್ಬೇಕು.’

ಜಾಹೀರಾತು ಬಂತು, ಹೋಯಿತು. ಇವತ್ತಿನ ಕೊನೆಯ ದೃಶ್ಯ ಯಾವುದೆಂದು ಅವಳಿಗೆ ಗೊತ್ತಿತ್ತು. ಬರ್ನಾರ್ಡ್ ಹೆಂಡತಿಯನ್ನು ಒಂದು ಮಾತೂ ಕೇಳದೆ ಅಂಗಡಿಯನ್ನು ತನ್ನ ಅಣ್ಣನ ಮಗನಿಗೆ ಒಪ್ಪಿಸಿದ್ದಾನೆ. ಅದನ್ನು ಈಗ ಬಾಯಿ ಬಿಡುತ್ತಾನೆ. ವೋನಿ ಏನೂ ಹೇಳುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾಳೆ, ಕ್ಯಾಮೆರಾ ಅವಳ ಮುಖವನ್ನು ನೋಡುತ್ತಾ ಉಳಿಯುತ್ತದೆ. ಅಲ್ಲಿ ಏನು ಮಾಡಲಿ ಎಂದು ಕೇಳಿದಾಗ, ಏನೂ ಮಾಡಬೇಡಿ ಎಂದಿದ್ದರು. ಅವಳು ಏನೂ ಮಾಡಿರಲಿಲ್ಲ. ಆವತ್ತು ಮನೆಗೆ ಹೋಗುವಾಗ, ಇಷ್ಟು ವರ್ಷದಲ್ಲಿ ಇದೊಂದು ಮಾತ್ರ ನನ್ನದು, ಇದನ್ನು ಯಾರಿಂದಲೂ ತಂದಿಲ್ಲ ಎಂದುಕೊಂಡಿದ್ದಳು. ಅದು ನೋಡಬೇಕಾದದ್ದು. ಇಲ್ಲಿ ಕೂತರೆ ಅದರಲ್ಲಿ ಏನೂ ಇಲ್ಲ.

ಬರ್ನಾರ್ಡ್ ಹೇಳಬೇಕಾದ್ದನ್ನು ಹೇಳಿದ. ಆಮೇಲೆ ಹಜಾರದಿಂದ ಒಂದು ಸದ್ದೂ ಬರಲಿಲ್ಲ. ಅಷ್ಟು ಜೋರಾಗಿ ಇಟ್ಟ ಟಿವಿಯಲ್ಲಿ ಮೌನವೂ ಜೋರಾಗಿತ್ತು. ಮುದುಕರು ಯಾರೂ ಕೆಮ್ಮಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತು ತನ್ನ ಮುಖವನ್ನು ಒಂದು ಸಲ ನೋಡಬೇಕು ಎಂಬ ಆಸೆ ಗ್ಲೆನಿಸ್‌ಗೆ ಹಸಿವಿನಂತೆ ಬಂತು. ಪಕ್ಕದಲ್ಲಿ ಅಪ್ಪ ಗೋಡೆಯಿಂದ ತಲೆ ಎತ್ತಿದ್ದ. ಕಿವಿಯನ್ನು ಬಾಗಿ‍ಲ ಕಡೆಗೆ ಚಾಚಿ, ಮುಂದಕ್ಕೆ ಬಾಗಿದ.

‘ಹೋದ್ಲಾ?’ ಎಂದ.

‘ಇಲ್ಲಪ್ಪ. ಅಲ್ಲೇ ನಿಂತಿದಾಳೆ.’

‘ಬಾಯಿ ಬಿಡ್ತಿಲ್ಲ?’

‘ಇಲ್ಲ.’

ಅವನ ಮುಖ ಬದಲಾಯಿತು. ಬೈಗುಳ ಕೇಳುವಾಗ ಇದ್ದ ನೆಮ್ಮದಿ ಹೋಗಿ, ಅವಳು ಯಾವತ್ತೂ ಅವನಲ್ಲಿ ಕಾಣದಿದ್ದ ಒಂದು ಗಾಬರಿ ಬಂತು. ಕೋಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ‘ಹಂಗಾದ್ರೆ ನಿಜವಾಗ್ಲೂ ನೊಂದಿದಾಳೆ’ ಎಂದ. ಆಮೇಲೆ ತನ್ನ ದನಿ ತನಗೇ ಕೇಳಿಸದ ಕಿವುಡರು ಮಾತಾಡುವಷ್ಟು ಗಟ್ಟಿಯಾಗಿ, ಹಜಾರದ ಅರ್ಧಚಂದ್ರವೆಲ್ಲ ಬಾಗಿಲ ಕಡೆಗೆ ತಿರುಗುವಷ್ಟು ಗಟ್ಟಿಯಾಗಿ, ‘ತಪ್ಪಾಯ್ತು ಬೆಸ್ಸಿ’ ಎಂದ.

ಒಳಗಿನ ಮೌನ ಇನ್ನೂ ಮುಗಿದಿರಲಿಲ್ಲ. ಗ್ಲೆನಿಸ್ ಏಳಲಿಲ್ಲ, ಅವನ ಕಡೆಗೂ ತಿರುಗಲಿಲ್ಲ. ಮುಖವನ್ನು ಎದುರು ಗೋಡೆಗೆ ಇಟ್ಟುಕೊಂಡೇ, ಪಕ್ಕದ ಕುರ್ಚಿಯ ತೋಳಿನ ಮೇಲೆ ಕೈ ಚಾಚಿದಳು. ಅವನು ಕಣ್ಣು ತೆರೆಯದೆ, ಆ ಕೈ ಯಾರದೆಂದು ನೋಡದೆ, ಹಿಡಿದುಕೊಂಡ.